ಡಬ್ಬದ ಮೇಲೆ ಒಂದು ಮಿಲಿಸೆಕೆಂಡ್, ಪರದೆಯ ಮೇಲೆ ಬಾಲ

ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ರಸ್ತೆಯಲ್ಲಿ, ಹದಿನಾಲ್ಕನೇ ಕಿಲೋಮೀಟರ್ ಕಲ್ಲಿನ ಹತ್ತಿರ, ಚಿತೇಗಾಂವ್ ಎಂಬ ಊರು ಸಿಗುತ್ತದೆ. ವಿಡಿಯೋಕಾನ್ ಕಂಪನಿಯ ಕಾಗದಪತ್ರಗಳ ಮೇಲೆ ಅಚ್ಚಾಗುತ್ತಿದ್ದ ವಿಳಾಸ ಇದೇ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಕಲರ್ ಟಿವಿಯ ತವರು, ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರದ ಪಕ್ಕದ ಈ ಊರೇ. 2005ರಲ್ಲಿ ಈ ಕಂಪನಿ ದೊಡ್ಡದೊಂದು ಪಣ ಕಟ್ಟಿತು. ಫ್ರಾನ್ಸಿನ ಥಾಮ್ಸನ್ ಕಂಪನಿಯ ಪಿಕ್ಚರ್ ಟ್ಯೂಬ್ ವ್ಯವಹಾರವನ್ನು ಇಟಲಿ, ಪೋಲೆಂಡ್, ಮೆಕ್ಸಿಕೊ, ಚೀನಾಗಳಲ್ಲಿದ್ದ ಕಾರ್ಖಾನೆಗಳ ಸಮೇತ ಕೊಂಡಿತು. ಪಿಕ್ಚರ್ ಟ್ಯೂಬಿಗೆ ಬೇಕಾದ ಗಾಜಿನ ಚಿಪ್ಪು ಎರಕ ಹೊಯ್ಯುವ ಕಾರ್ಖಾನೆ ಅದರ ಕೈಯಲ್ಲಿ ಭರೂಚ್‌ನಲ್ಲಿ ಮೊದಲೇ ಇತ್ತು. ಬೆನ್ನಿಗೆ ಡುಬ್ಬವಿದ್ದ ಟಿವಿ ಇನ್ನೂ ಬಹಳ ಕಾಲ ಬಾಳುತ್ತದೆ ಎಂಬುದು ಆಗಿನ ಲೆಕ್ಕ.

ಲೆಕ್ಕ ತಪ್ಪಿತು. 2008ರ ಹೊತ್ತಿಗೆ ಜಗತ್ತಿನಲ್ಲಿ ಮಾರಾಟವಾಗುವ ಟಿವಿಗಳಲ್ಲಿ ಎಲ್‌ಸಿಡಿಯದೇ ಮೇಲುಗೈ. 2018ರ ಜೂನ್‌ನಲ್ಲಿ ವಿಡಿಯೋಕಾನ್ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಆ ಕುಸಿತಕ್ಕೆ ಟೆಲಿಕಾಂ, ತೈಲ ಎಂದು ಬೇರೆ ಬೇರೆ ದಂಧೆಗಳ ಸಾಲವೂ ಸೇರಿತ್ತು. ಎಲ್ಲವನ್ನೂ ಪಿಕ್ಚರ್ ಟ್ಯೂಬಿನ ತಲೆಗೆ ಕಟ್ಟಿದರೆ ಅನ್ಯಾಯ. ಆದರೂ ಪೇಟೆಯಲ್ಲಿ ಸೋತ ಆ ಗಾಜಿನ ಬುರುಡೆ ಒಂದು ಪಂದ್ಯದಲ್ಲಿ ಮಾತ್ರ ಸೋತಿರಲಿಲ್ಲ. ಓಡುವ ವಸ್ತುವನ್ನು ಓಡುತ್ತಿರುವಾಗಲೇ ಕಣ್ಣಿಗೆ ಸ್ಪಷ್ಟವಾಗಿ ತೋರಿಸುವುದರಲ್ಲಿ ಅದರ ಮುಂದೆ ಚಪ್ಪಟೆ ಪರದೆಗಳು ಇಂದಿಗೂ ಏದುಸಿರು ಬಿಡುತ್ತಿವೆ.

ಈ ಮಾತು ಗೇಮ್ ಆಡುವ ಹುಡುಗರಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಳ್ಳುವುದು ಸುಲಭ. ಹಾಗಲ್ಲ ಎಂದು ತಿಳಿಯಲು ನಾಸಿಕ್ ಜಿಲ್ಲೆಯಲ್ಲಿ ಸರ್ಕಾರಿ ದಾಖಲೆ ಕೊಡುವ ಯಾವುದಾದರೂ ಸೇತು ಕೇಂದ್ರದಲ್ಲಿ ದ್ರಾಕ್ಷಿ ಬೆಳೆಗಾರನೊಬ್ಬನಿಗೆ ‘ಸಾತ್‌ಬಾರಾ’ ತೆಗೆದುಕೊಡುವವನ ಬೆನ್ನ ಹಿಂದೆ ನಿಂತು ನೋಡಬೇಕು. ಸಾತ್‌ಬಾರಾ ಎಂದರೆ ಕರ್ನಾಟಕದ ಪಹಣಿಯ ಅಣ್ಣ. ಆಪರೇಟರ್ ಮೌಸಿನ ಚಕ್ರ ಉರುಳಿಸುತ್ತಾನೆ, ಗಟ್ ನಂಬರು ಎನ್ನುವ ಜಮೀನಿನ ಅಂಕಿಗಳ ಸಾಲು ಮೇಲಕ್ಕೆ ಜಾರುತ್ತದೆ, ಜಾರುವಷ್ಟು ಹೊತ್ತೂ ಅದು ಅಂಕಿಯಲ್ಲ, ಬರೀ ಬೂದು ಗೆರೆ. ನಿಲ್ಲಿಸುತ್ತಾನೆ, ಓದುತ್ತಾನೆ, ಮತ್ತೆ ಉರುಳಿಸುತ್ತಾನೆ. ದಿನಕ್ಕೆ ನೂರಾರು ಸಲ ಹೀಗೆ. ಕಣ್ಣು ಉರಿಯುತ್ತದೆ ಎಂದು ಅವನು ಕನ್ನಡಕದ ಅಂಗಡಿಗೆ ಹೋಗುತ್ತಾನೆಯೇ ವಿನಾ ಮಾನಿಟರನ್ನು ಅನುಮಾನಿಸುವುದಿಲ್ಲ.

ಅನುಮಾನಿಸಿ ಹೊಸದನ್ನು ಕೊಳ್ಳಲು ಹೋದವನಿಗೂ ಅಂಗಡಿಯಲ್ಲಿ ಸಿಗುವುದು ಒಂದೇ ಉತ್ತರ. ‘ಒನ್ ಎಂಎಸ್ ಇದೆ ಸರ್, ಕಣ್ಣು ಮುಚ್ಚಿ ತಗೊಳ್ಳಿ.’ ಎಂಎಸ್ ಎಂದರೆ ಮಿಲಿಸೆಕೆಂಡ್. ಡಬ್ಬದ ಮೇಲೆ ಹಾಗೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿಯೂ ಇರುತ್ತದೆ. ಆ ಅಂಕಿ ಪೂರ್ತಿ ಸುಳ್ಳಲ್ಲ, ಕೊಳ್ಳುವವನು ಅಂದುಕೊಂಡದ್ದನ್ನು ಹೇಳುವುದೂ ಇಲ್ಲ. ದೇಶದಲ್ಲಿ ಸ್ಕೂಟರಿನ ಮೈಲೇಜಿಗೂ ಫ್ರಿಜ್ಜಿನ ಕರೆಂಟಿಗೂ ಒಂದು ಅಳತೆ ಇರುವಾಗ, ಜನ ಎಂಟು ಹತ್ತು ತಾಸು ದಿಟ್ಟಿಸುವ ಪರದೆಗೆ ಮಾತ್ರ ತಯಾರಕರು ತಮ್ಮ ತಮ್ಮ ಗೇಣು ತಂದು ಅಳೆಯುವುದನ್ನು ಇನ್ನು ಸಹಿಸಬಾರದು.

ಅಂಕಿ ಎಲ್ಲಿ ಜಾರಿಕೊಳ್ಳುತ್ತದೆ ಎಂದು ತಿಳಿಯಲು ಪರದೆಯೊಳಗೆ ಇಣುಕಬೇಕು. ಜನ ‘ಬ್ಲರ್’ ಎಂದು ಒಂದೇ ಹೆಸರಿನಲ್ಲಿ ಕರೆಯುವ ಕಾಯಿಲೆ ವಾಸ್ತವವಾಗಿ ಎರಡು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದರಲ್ಲಿ ಪರದೆಗಿಂತ ಕಣ್ಣಿನ ಪಾಲೇ ಹೆಚ್ಚು. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಗೆರೆಯಾಗಿ ಓಡುತ್ತಿತ್ತು. ಅದು ತಾಗಿದ ಚುಕ್ಕೆ ಫಕ್ಕನೆ ಬೆಳಗಿ ಒಂದೆರಡು ಮಿಲಿಸೆಕೆಂಡಿನಲ್ಲಿ ಮಂಕಾಗುತ್ತಿತ್ತು. ಮುಂದಿನ ಸುತ್ತು ಬರುವವರೆಗೆ ಅಲ್ಲಿ ಕತ್ತಲೆ. ಎಲ್‌ಸಿಡಿಯಲ್ಲಿ ಈ ಕತ್ತಲೆ ಇಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ, ಅಂದರೆ 60 ಹರ್ಟ್ಸಿನ ಮಾನಿಟರಿನಲ್ಲಿ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡ್ ಅಲುಗದೆ ಬೆಳಗುತ್ತಾ ನಿಲ್ಲುತ್ತದೆ, ಆಮೇಲೆ ಥಟ್ಟನೆ ಮುಂದಿನ ಜಾಗಕ್ಕೆ ಜಿಗಿಯುತ್ತದೆ. ಆದರೆ ಚೆಂಡನ್ನು ಹಿಂಬಾಲಿಸುವ ಕಣ್ಣು ಜಿಗಿಯುವುದಿಲ್ಲ, ಒಂದೇ ಸಮನೆ ಜಾರುತ್ತದೆ. ಕುಂಚವನ್ನು ಅಲುಗಾಡಿಸದೆ ಹಿಡಿದು ಅದರ ಕೆಳಗಿನ ಕಾಗದವನ್ನು ಎಳೆದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಇಲ್ಲಿ ಕುಂಚ ನಿಂತ ಚಿತ್ರ, ಕಾಗದ ಅಕ್ಷಿಪಟಲ. ಚುಕ್ಕೆಯಾಗಬೇಕಿದ್ದದ್ದು ಗೆರೆಯಾಗುತ್ತದೆ.

ಎಷ್ಟು ಉದ್ದದ ಗೆರೆ? ಬಾಯಿಲೆಕ್ಕದಲ್ಲೇ ಸಿಗುತ್ತದೆ. ಫುಲ್ ಎಚ್‌ಡಿ ಪರದೆಯ ಅಗಲ 1920 ಪಿಕ್ಸೆಲ್. ಎಡತುದಿಯಿಂದ ಬಲತುದಿಗೆ ಎರಡು ಸೆಕೆಂಡಿನಲ್ಲಿ ಸಾಗುವ ವಸ್ತುವಿನ ವೇಗ ಸೆಕೆಂಡಿಗೆ 960 ಪಿಕ್ಸೆಲ್. 60 ಹರ್ಟ್ಸ್ ಮಾನಿಟರಿನಲ್ಲಿ ಅದರ ಅಂಚು 16 ಪಿಕ್ಸೆಲ್ ಅಗಲಕ್ಕೆ ಸವರಿಹೋಗುತ್ತದೆ. 120 ಹರ್ಟ್ಸ್ ಆದರೆ 8, 240 ಆದರೆ 4. ಈ ಲೆಕ್ಕದಲ್ಲಿ ಡಬ್ಬದ ಮೇಲಿನ ಆ ಒಂದು ಮಿಲಿಸೆಕೆಂಡ್, ಅಂದರೆ ಪಿಕ್ಸೆಲ್ ಬಣ್ಣ ಬದಲಿಸುವ ‘ರೆಸ್ಪಾನ್ಸ್ ಟೈಮ್’ ಎಂಬ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಪಿಕ್ಸೆಲ್ ಬಣ್ಣ ಬದಲಿಸಲು ಚಿಟಿಕೆಯಷ್ಟೂ ಸಮಯ ತೆಗೆದುಕೊಳ್ಳದಿದ್ದರೂ 60 ಹರ್ಟ್ಸಿನಲ್ಲಿ 16 ಪಿಕ್ಸೆಲ್ ಕಲಸುವುದು ತಪ್ಪದು. ಸಾಕ್ಷಿ ಬೇಕಿದ್ದರೆ ಒಎಲ್‌ಇಡಿ ಪರದೆಯನ್ನು ನೋಡಬಹುದು. ಅದರ ಪಿಕ್ಸೆಲ್ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ ಬದಲಾಗುತ್ತದೆ, ಆದರೂ 60 ಹರ್ಟ್ಸಿನಲ್ಲಿ ಓಡಿಸಿದಾಗ ಜಾರುವ ಅಕ್ಷರ ಮಸುಕೇ.

ಎರಡನೆಯ ಕಾಯಿಲೆಗೆ ಘೋಸ್ಟಿಂಗ್ ಎಂದು ಹೆಸರು. ಹಳಬರಿಗೆ ಟಿವಿಯ ಭೂತ ಹೊಸದೇನಲ್ಲ. ದೂರದರ್ಶನದ ಕಾಲದಲ್ಲಿ ಗುಡ್ಡಕ್ಕೋ ಎತ್ತರದ ಕಟ್ಟಡಕ್ಕೋ ಬಡಿದು ತಡವಾಗಿ ಬಂದ ಅಲೆಯಿಂದ ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ನೆರಳು ಕೂತಿರುತ್ತಿತ್ತು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಇನ್ನೊಬ್ಬರು ಕಿಟಕಿಯಿಂದ ‘ಬಂತು, ಬಂತು... ಹೋಯ್ತು’ ಎನ್ನುವುದು ವಾರಕ್ಕೊಮ್ಮೆಯ ಹಬ್ಬ. ಎಲ್‌ಸಿಡಿಯ ಭೂತ ಬೇರೆ ಜಾತಿಯದು, ಇದು ಪರದೆಯ ಒಳಗೇ ಹುಟ್ಟುತ್ತದೆ. ದ್ರವಸ್ಫಟಿಕ ಎಂದರೆ ಹೆಸರೇ ಹೇಳುವಂತೆ ಅರ್ಧ ದ್ರವ. ವೋಲ್ಟೇಜ್ ಕೊಟ್ಟಾಗ ಅದರ ಅಣುಗಳು ಮೈ ಹೊರಳಿಸಿ ಬೆಳಕಿಗೆ ದಾರಿ ಬಿಡಬೇಕು ಇಲ್ಲವೇ ಅಡ್ಡ ನಿಲ್ಲಬೇಕು. ಮಂದ ದ್ರವದಲ್ಲಿ ಹೊರಳಲು ಸಮಯ ಹಿಡಿಯುತ್ತದೆ. ಹೊಸ ಚಿತ್ರ ಬಂದರೂ ಹಳೆಯದು ಪೂರ್ತಿ ಅಳಿಸಿರುವುದಿಲ್ಲ. ಹಾಗಾಗಿ ಓಡುವ ವಸ್ತುವಿನ ಹಿಂದೆ ಬಾಲ. ವಿಎ ಬಗೆಯ ಪ್ಯಾನೆಲ್‌ಗಳಲ್ಲಿ ಕಪ್ಪಿನಿಂದ ಕಡುಬೂದಿಗೆ ಬರುವ ಹೊರಳು ಬಲು ನಿಧಾನ. ಕತ್ತಲ ದೃಶ್ಯದಲ್ಲಿ ಕಾಡಿಗೆ ಒರೆಸಿದಂತೆ ಕಾಣುವುದು ಅದಕ್ಕೇ.

ದ್ರವ ಎಂದ ಮೇಲೆ ಹವಾಮಾನದ ಮಾತೂ ಬರುತ್ತದೆ. ಜೋನಿಬೆಲ್ಲ ಚಳಿಯಲ್ಲಿ ಗಟ್ಟಿಯಾಗಿ ಚಮಚದಿಂದ ಬೀಳದೆ ಸತಾಯಿಸುವಂತೆ ದ್ರವಸ್ಫಟಿಕವೂ ತಣ್ಣಗಾದಷ್ಟು ಮಂದವಾಗುತ್ತದೆ. ನಾಸಿಕ್ ಜಿಲ್ಲೆಯ ನಿಫಾಡ ಮಹಾರಾಷ್ಟ್ರದ ಚಳಿಯ ಸುದ್ದಿಯಲ್ಲಿ ಪ್ರತಿ ವರ್ಷ ಬರುವ ಹೆಸರು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ, ದ್ರಾಕ್ಷಿ ತೋಟಗಳಲ್ಲಿ ಬೆಂಕಿ ಹಾಕಿ ಗೊನೆಗಳನ್ನು ಕಾಯುತ್ತಾರೆ. ಅಂಥ ಬೆಳಗಿನಲ್ಲಿ ಆಗಷ್ಟೇ ಹಚ್ಚಿದ ಮಾನಿಟರು, ಅರ್ಧ ತಾಸು ಉರಿದು ಬೆಚ್ಚಗಾದ ಅದೇ ಮಾನಿಟರಿಗಿಂತ ಉದ್ದದ ಬಾಲ ಬಿಡುತ್ತದೆ. ಪ್ರಯೋಗಾಲಯದಲ್ಲಿ ಪರದೆಯನ್ನು ಚೆನ್ನಾಗಿ ಕಾಯಿಸಿದ ಮೇಲೆಯೇ ಅಳೆಯುವುದು. ಡಬ್ಬದ ಮೇಲಿನ ಅಂಕಿ ನಿಫಾಡದ ಮುಂಜಾವಿನದಲ್ಲ.

ಈ ಸೋಮಾರಿತನಕ್ಕೆ ಎಂಜಿನಿಯರುಗಳು ಹುಡುಕಿದ ಚಾಟಿ ‘ಓವರ್‌ಡ್ರೈವ್’. ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕ್ಷಣಕಾಲ ಕೊಟ್ಟು ಅಣುಗಳನ್ನು ಜೋರಾಗಿ ತಳ್ಳುವುದು. ಹದವಾಗಿ ತಳ್ಳಿದರೆ ಬಾಲ ಕುಗ್ಗುತ್ತದೆ. ಹದ ಮೀರಿದರೆ ಜೋಕಾಲಿ ಆಚೆ ತುದಿ ದಾಟಿ ಹೋದಂತೆ ಬಣ್ಣ ಗುರಿ ತಪ್ಪುತ್ತದೆ. ಕಪ್ಪು ಬಾಲದ ಬದಲು ಬಿಳಿ ಬಾಲ, ಅಕ್ಷರದ ಸುತ್ತ ಪ್ರಭಾವಳಿ. ಮಾನಿಟರಿನ ಮೆನುವಿನಲ್ಲಿ ‘ನಾರ್ಮಲ್’, ‘ಫಾಸ್ಟ್’, ‘ಎಕ್ಸ್‌ಟ್ರೀಮ್’ ಎಂದು ಮೆಟ್ಟಿಲುಗಳಿರುತ್ತವೆ. ‘1 ಎಂಎಸ್’ ಬಹಳ ಸಲ ದಾಖಲಾಗಿರುವುದು ಆ ಕೊನೆಯ ಮೆಟ್ಟಿಲಿನಲ್ಲಿ. ಅಲ್ಲಿ ಚಿತ್ರ ಎಷ್ಟು ಕೆಡುತ್ತದೆಂದರೆ ತಯಾರಕರೇ ಪರದೆಯನ್ನು ಕಾರ್ಖಾನೆಯಿಂದ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿಟ್ಟು ಕಳಿಸುತ್ತಾರೆ. ಅಂಕಿ ಒಂದು ಮೆಟ್ಟಿಲಿನದು, ಬಳಕೆ ಇನ್ನೊಂದರದು.

ಮೊದಲು ಹೀಗಿರಲಿಲ್ಲ. 2001ರ ಐಎಸ್‌ಒ 13406-2 ಮಾನದಂಡದ ಪ್ರಕಾರ ಪಿಕ್ಸೆಲ್ ಕಪ್ಪಿನಿಂದ ಬಿಳಿಗೆ ಹೋಗಿ ಮತ್ತೆ ಕಪ್ಪಿಗೆ ಬರುವ ಎರಡೂ ಹೊರಳಿನ ಸಮಯವನ್ನು ಕೂಡಿಸಿ ಹೇಳಬೇಕಿತ್ತು. ನಿಜ ಬಳಕೆಯಲ್ಲಿ ಪಿಕ್ಸೆಲ್ ಹೆಚ್ಚಾಗಿ ಬೂದಿನಿಂದ ಬೂದಿಗೆ ಹೊರಳುವುದರಿಂದ ಅದನ್ನೇ ಅಳೆಯೋಣ ಎಂದು ಉದ್ಯಮ ಹೊರಟಿತು. ಆಲೋಚನೆ ಸರಿಯೇ. ಆದರೆ ಬೂದು ಬಣ್ಣದ ಛಾಯೆಗಳು ನೂರಾರು. ಯಾವ ಛಾಯೆಯಿಂದ ಯಾವುದಕ್ಕೆ, ಯಾವ ಓವರ್‌ಡ್ರೈವ್‌ನಲ್ಲಿ ಎಂದು ಹೇಳುವ ಹೊಣೆ ಯಾರ ಮೇಲೂ ಉಳಿಯಲಿಲ್ಲ. ಎಲ್ಲಕ್ಕಿಂತ ವೇಗದ ಒಂದು ಹೊರಳನ್ನು ಆರಿಸಿ ಡಬ್ಬದ ಮೇಲೆ ಅಚ್ಚು ಹಾಕುವುದು ರೂಢಿಯಾಯಿತು. ಹತ್ತು ವಿಷಯದಲ್ಲಿ ಪರೀಕ್ಷೆ ಬರೆದ ಹುಡುಗ ಡ್ರಾಯಿಂಗಿನ ಅಂಕವನ್ನಷ್ಟೇ ಮನೆಗೆ ತಂದು ತೋರಿಸಿದ ಹಾಗೆ. ಆಮೇಲೆ ‘ಎಂಪಿಆರ್‌ಟಿ’ ಎಂಬ ಇನ್ನೊಂದು ಅಳತೆ ಬಂತು. ಅದು ಕಣ್ಣಿಗೆ ಕಾಣುವ ಮಸುಕನ್ನೇ ಅಳೆಯುತ್ತದೆ, ಆ ಮಟ್ಟಿಗೆ ಪ್ರಾಮಾಣಿಕ. ಈಗ ಎರಡೂ ‘1 ಎಂಎಸ್’ ಎಂಬ ಒಂದೇ ವೇಷದಲ್ಲಿ ಪೇಟೆಗೆ ಬರುತ್ತವೆ. ಯಾವುದು ಯಾವುದೆಂದು ತಿಳಿಯಲು ನಕ್ಷತ್ರ ಚಿಹ್ನೆಯ ಜಾಡು ಹಿಡಿದು ಡಬ್ಬದ ತಳಕ್ಕೆ ಹೋಗಬೇಕು.

ಎಂಪಿಆರ್‌ಟಿಯ ಒಂದು ಮಿಲಿಸೆಕೆಂಡನ್ನು ಸಾಮಾನ್ಯ ಮಾನಿಟರು ಸಾಧಿಸುವ ಬಗೆ ಸ್ವಾರಸ್ಯವಾದದ್ದು, ಅದರ ಬೇರು ನಾಸಿಕ್‌ನವರಿಗೆ ಅಪರಿಚಿತವೂ ಅಲ್ಲ. ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕ್ ಪಕ್ಕದ ತ್ರ್ಯಂಬಕದಲ್ಲಿ. 1912ರಲ್ಲಿ ಲಂಡನ್‌ನಿಂದ ಕ್ಯಾಮೆರಾ ತಂದವರು ಮೊದಲು ಚಿತ್ರಿಸಿದ್ದು ಬಟಾಣಿ ಕಾಳು ಮೊಳೆತು ಬಳ್ಳಿಯಾಗುವುದನ್ನು, ಒಂದೊಂದೇ ಫ್ರೇಮಿನಂತೆ ದಿನಗಟ್ಟಲೆ ಕಾದು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಮುಂಬಯಿಯಲ್ಲಿ ತೆರೆಕಂಡ ಮೇಲೆ ಅವರು ನಾಸಿಕ್‌ಗೇ ಬಂದು ಚಿತ್ರ ತಯಾರಿಸಿದರು. ಆ ಕಾಲದ ಪ್ರೊಜೆಕ್ಟರಿನ ಗುಟ್ಟೆಲ್ಲ ಇದ್ದದ್ದು ಒಂದು ತಿರುಗುವ ತಗಡಿನಲ್ಲಿ. ರೀಲು ಒಂದು ಫ್ರೇಮಿನಿಂದ ಮುಂದಿನದಕ್ಕೆ ಸರಿಯುವಾಗ ಆ ಶಟರ್ ಬೆಳಕಿಗೆ ಅಡ್ಡ ಬರುತ್ತಿತ್ತು. ಅದು ಲಯ ತಪ್ಪಿದರೆ ಬೆಳ್ಳಗಿರುವುದೆಲ್ಲ ಮೇಲೆ ಕೆಳಗೆ ಎಳೆದಂತೆ ಕಾಣುತ್ತಿತ್ತು. ಪ್ರೊಜೆಕ್ಟರ್ ನಡೆಸುವವರ ಭಾಷೆಯಲ್ಲಿ ಆ ದೋಷದ ಹೆಸರು ‘ಟ್ರಾವೆಲ್ ಘೋಸ್ಟ್’. ಭೂತಕ್ಕೆ ಆಗಲೂ ಕತ್ತಲೆಯೇ ಮದ್ದು.

ಈಗಿನ ಮಾನಿಟರು ಮಾಡುವುದೂ ಅದನ್ನೇ. ಹಿಂಬದಿಯ ದೀಪವನ್ನು ಸದಾ ಉರಿಸದೆ, ಅಣುಗಳು ಹೊರಳಿ ಮುಗಿದ ಮೇಲೆ ಒಂದು ಮಿಲಿಸೆಕೆಂಡು ಮಿಂಚಿಸಿ ಆರಿಸುತ್ತದೆ. ಬಾಲ ಬಿಡುವ ಕೆಲಸವೆಲ್ಲ ಕತ್ತಲಲ್ಲಿ ನಡೆದುಹೋಗುತ್ತದೆ, ಕಣ್ಣಿಗೆ ಕಾಣುವುದು ಮುಗಿದ ಚಿತ್ರ ಮಾತ್ರ. ಪಿಕ್ಚರ್ ಟ್ಯೂಬ್ ತನ್ನಷ್ಟಕ್ಕೆ ಮಾಡುತ್ತಿದ್ದದ್ದನ್ನು ಇದು ಕಷ್ಟಪಟ್ಟು ಅನುಕರಿಸುತ್ತದೆ. ಬೆಲೆ ತೆರಬೇಕಾಗುತ್ತದೆ ಅಷ್ಟೆ. ಪರದೆ ಮಂಕಾಗುತ್ತದೆ, ಕೆಲವರಿಗೆ ಮಿಣುಕು ತಲೆನೋವು ತರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಇದನ್ನು ಹಚ್ಚಿದರೆ ಗೇಮಿನ ಲಯಕ್ಕೆ ತಕ್ಕಂತೆ ಹರ್ಟ್ಸ್ ಬದಲಿಸುವ ಸೌಲಭ್ಯ ಆರಿಹೋಗುತ್ತದೆ. ಇದನ್ನೆಲ್ಲ ಡಬ್ಬ ಹೇಳುವುದಿಲ್ಲ.

ಇಲ್ಲಿ ಕನ್ನಡ ನಾಡಿನದೊಂದು ಅಡ್ಡಕತೆ. ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದವರು. ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವಸ್ಫಟಿಕವಾಗುತ್ತವೆ ಎಂಬ ನಂಬಿಕೆ ಬೇರೂರಿದ್ದಾಗ, 1977ರಲ್ಲಿ ಅವರೂ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೂ ತಟ್ಟೆಯಾಕಾರದ ಅಣುಗಳೂ ಹಾಗೆ ಆಗಬಲ್ಲವು ಎಂದು ತೋರಿಸಿ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಅಂಥದೇ ತಟ್ಟೆ ಅಣುಗಳಿಂದ ಮಾಡಿದ ತೆಳು ಹಾಳೆ, ಪಕ್ಕದಿಂದ ನೋಡಿದರೆ ಬಣ್ಣಗೆಡುತ್ತಿದ್ದ ಟಿಎನ್ ಬಗೆಯ ಎಲ್‌ಸಿಡಿ ಮಾನಿಟರುಗಳ ದೋಷವನ್ನು ಬಹುಮಟ್ಟಿಗೆ ತಗ್ಗಿಸಿತು. ಓರೆನೋಟಕ್ಕೆ ಬೆಂಗಳೂರಿನಿಂದ ದಾರಿ ಸಿಕ್ಕಿತು. ಓಟದ ಮಸುಕು ಮಾತ್ರ ಹಾಗೇ ಉಳಿಯಿತು.

ಪರದೆಯ ಮೇಲೆ ಕಂಡ ಮಸುಕಿಗೆಲ್ಲ ಮಾನಿಟರನ್ನೇ ದೂರುವುದೂ ತಪ್ಪು. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ್, ತ್ರ್ಯಂಬಕ ಸಜ್ಜಾಗುತ್ತಿವೆ. ಗೋದಾವರಿಯ ಘಟ್ಟಗಳ ಜನಸಾಗರವನ್ನು ಪೊಲೀಸರು ಕಾಯುವುದು ಕ್ಯಾಮೆರಾದ ಮೂಲಕ. ನಿಯಂತ್ರಣ ಕೊಠಡಿಯಲ್ಲಿ ನುಗ್ಗುವ ಗುಂಪಿನ ಮುಖಗಳು ಕಲಸಿದಂತೆ ಕಂಡರೆ ಕಾರಣ ಕ್ಯಾಮೆರಾದ ನಿಧಾನ ಶಟರ್ ಇರಬಹುದು, ದೃಶ್ಯವನ್ನು ಹಿಂಡಿ ಸಣ್ಣದು ಮಾಡಿ ಕಳಿಸುವ ವಿಧಾನ ಇರಬಹುದು. ಪತ್ತೆಗೆ ದೊಡ್ಡ ಉಪಕರಣವೇನೂ ಬೇಡ, ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿದರೆ ಸಾಕು. ನಿಲ್ಲಿಸಿದರೂ ಮುಖ ಕಲಸಿದಂತೆಯೇ ಇದ್ದರೆ ಮಸುಕು ಕ್ಯಾಮೆರಾದಿಂದಲೋ ಹಿಂಡುವ ವಿಧಾನದಿಂದಲೋ ಬಂದದ್ದು. ನಿಲ್ಲಿಸಿದೊಡನೆ ತಿಳಿಯಾದರೆ ಪರದೆಯದು. ಇನ್ನು ಮೊಬೈಲನ್ನು ಅಲುಗದಂತೆ ಹಿಡಿದು ಪರದೆಯ ಫೋಟೋ ತೆಗೆದರೆ ಬಾಲ ಸಿಕ್ಕೀತು, ಆದರೆ ಮೊದಲ ಕಾಯಿಲೆ ಸಿಗದು. ಅದು ಚಲಿಸುವ ಕಣ್ಣಿನಲ್ಲಿ ಹುಟ್ಟುವಂಥದ್ದು. ಓಡುವ ವಸ್ತುವಿನ ಜೊತೆಯಲ್ಲೇ ಕ್ಯಾಮೆರಾವನ್ನೂ ಸರಿಸಿದರೆ ಮಾತ್ರ ಫೋಟೋಕ್ಕೆ ಬೀಳುತ್ತದೆ.

ಈಗ ಅಳತೆಯ ಮಾತು. ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಬೈಕುಗಳು, ನಾಸಿಕ್‌ನಲ್ಲಿ ಮಹೀಂದ್ರಾ ಗಾಡಿಗಳು ತಯಾರಾಗುತ್ತವೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಉತ್ತರಕ್ಕೆ ಪುಣೆಯ ಎಆರ್‌ಎಐಯಂಥ ಸಂಸ್ಥೆ ಅಳೆದ ಮೈಲೇಜು ಇದೆ. ರಸ್ತೆಯಲ್ಲಿ ಅಷ್ಟು ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಗಾಡಿಗಳನ್ನೂ ಒಂದೇ ಪರೀಕ್ಷೆಗೆ ಒಡ್ಡಿರುವುದರಿಂದ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಮಾನಿಟರಿಗೆ ಬಿಐಎಸ್ ನೋಂದಣಿ ಕಡ್ಡಾಯ, ಅದು ಬೆಂಕಿ ಮತ್ತು ಶಾಕ್ ತಗಲದಂತೆ ನೋಡಿಕೊಳ್ಳಲು. ಟಿವಿಯ ಮೇಲಿನ ನಕ್ಷತ್ರಗಳು ಕರೆಂಟಿನ ಲೆಕ್ಕಕ್ಕೆ. ಕಣ್ಣಿನ ಪಾಲಿಗೆ ಏನೂ ಇಲ್ಲ.

ಅಳತೆಯೇ ಇಲ್ಲವೆಂದಲ್ಲ. ಪರದೆ ತಯಾರಕರ ಅಂತರರಾಷ್ಟ್ರೀಯ ಕೂಟವಾದ ವೆಸಾ 2022ರ ಆಗಸ್ಟ್‌ನಲ್ಲಿ ‘ಕ್ಲಿಯರ್‌ಎಂಆರ್’ ಎಂಬ ಮಾನದಂಡ ತಂದಿತು. ಮಿಲಿಸೆಕೆಂಡಿನ ಗೋಜು ಬಿಟ್ಟು, ಚಲಿಸುವ ಚಿತ್ರದಲ್ಲಿ ಸ್ಪಷ್ಟ ಪಿಕ್ಸೆಲ್‌ಗಳು ಎಷ್ಟು, ಮಸುಕಾದವು ಎಷ್ಟು ಎಂದು ನೇರವಾಗಿ ಹೋಲಿಸುತ್ತದೆ. ‘ಕ್ಲಿಯರ್‌ಎಂಆರ್ 7000’ ಎಂದಿದ್ದರೆ ಮಸುಕಿಗಿಂತ ಸ್ಪಷ್ಟ ಪಿಕ್ಸೆಲ್ ಸುಮಾರು 70 ಪಟ್ಟು. ದೀಪ ಮಿಂಚಿಸಿ ಅಂಕ ಗಳಿಸುವುದಕ್ಕೂ ಓವರ್‌ಡ್ರೈವ್ ಅತಿಮಾಡುವುದಕ್ಕೂ ಅದರಲ್ಲಿ ಕಡಿವಾಣವಿದೆ. ತೊಡಕು ಒಂದೇ, ಇದು ಇಷ್ಟವಿದ್ದವರಿಗೆ ಮಾತ್ರ. ಪೇಟೆಯಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಮಾನಿಟರುಗಳಿಗೆ ಆ ಇಷ್ಟ ಹುಟ್ಟುವುದು ಯಾಕೆ?

ಕಾನೂನಿನ ಹಿಡಿಕೆ ದೇಶದಲ್ಲಿ ಈಗಾಗಲೇ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಲೇಬಲ್ಲು, ಹೊದಿಕೆ ಕೂಡ ಜಾಹೀರಾತೇ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ದಾರಿತಪ್ಪಿಸುವ ಜಾಹೀರಾತಿನ ಲಕ್ಷಣಗಳಲ್ಲಿ ಒಂದು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಷರತ್ತಿನ ಸಾಲು ಮುಖ್ಯ ಹೇಳಿಕೆಯ ಭಾಷೆ ಮತ್ತು ಅಕ್ಷರರೂಪದಲ್ಲೇ ಎದ್ದು ಕಾಣುವಂತೆ ಇರಬೇಕು ಎನ್ನುತ್ತದೆ. ಹಾಗಾದರೆ ಅಂಗೈ ಅಗಲದ ‘1 ಎಂಎಸ್’ ಪಕ್ಕದಲ್ಲಿ ಅದು ಯಾವ ಸೆಟ್ಟಿಂಗಿನ, ಯಾವ ಬಗೆಯ ಮಿಲಿಸೆಕೆಂಡ್ ಎಂಬುದೂ ಅಷ್ಟೇ ಅಗಲಕ್ಕೆ ಬರಲಿ. ಕಾರ್ಖಾನೆಯಿಂದ ಬಂದ ಸೆಟ್ಟಿಂಗಿನಲ್ಲೇ ಅಳೆದ ಅಂಕಿ ಕೊಡಬೇಕೆಂದು ಸಾವಿರಗಟ್ಟಲೆ ಮಾನಿಟರು ಕೊಳ್ಳುವ ಸರ್ಕಾರಿ ಇಲಾಖೆಗಳು ಟೆಂಡರಿನಲ್ಲಿ ಒಂದು ಸಾಲು ಬರೆದರೂ ಪೇಟೆ ಬಾಗುತ್ತದೆ.

ಪಿಕ್ಚರ್ ಟ್ಯೂಬನ್ನು ಮತ್ತೆ ತರಬೇಕೆಂದು ಯಾರೂ ಅತ್ತು ಕರೆಯಬೇಕಿಲ್ಲ. ಎತ್ತಿಡಲು ಇಬ್ಬರು ಬೇಕಿತ್ತು, ಗಾಜಿನಲ್ಲಿ ಸೀಸವಿತ್ತು, 60 ಹರ್ಟ್ಸಿನಲ್ಲಿ ಅದರ ಮಿಣುಕು ತಲೆ ತಿನ್ನುತ್ತಿತ್ತು. ಟೈಪ್ ಮಾಡಿ, ಪ್ರಿಂಟ್ ಕೊಟ್ಟು ಮನೆಗೆ ಹೋಗುವವರಿಗೆ 240 ಹರ್ಟ್ಸಿನ ಪರದೆಯೂ ಬೇಕಿಲ್ಲ. ಅವರು ‘1 ಎಂಎಸ್’ ಎಂಬ ಚೀಟಿಗೆ ಹೆಚ್ಚು ದುಡ್ಡು ಸುರಿಯದಿದ್ದರೆ ಸಾಕು. ಅದೇ ದುಡ್ಡಿಗೆ 100 ಅಥವಾ 120 ಹರ್ಟ್ಸ್ ಸಿಗುವುದಾದರೆ ಕಣ್ಣಿಗೆ ತಿಳಿಯುವ ಲಾಭ ಅಲ್ಲಿದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡುವ ದಾರಿಯೊಂದಿದೆ. ಮಾನಿಟರಿನಲ್ಲಿ ಭೂಪಟ ತೆರೆದು ನಾಸಿಕ್‌ನ ರಾಮಕುಂಡದಿಂದ ಗೋದಾವರಿಯ ಗುಂಟ ಮೂಡಣಕ್ಕೆ ಮೌಸಿನಿಂದ ಎಳೆಯುತ್ತಾ ಹೋಗಬೇಕು. ನಾಂದೂರ ಮಧ್ಯಮೇಶ್ವರ, ಕೋಪರಗಾಂವ, ಪುಣತಾಂಬಾ ದಾಟಿ ಪೈಠಣದ ಜಾಯಕವಾಡಿ ಜಲಾಶಯದವರೆಗೆ. ಎಳೆಯುವಾಗ ಕಣ್ಣು ಊರಿನ ಹೆಸರಿನ ಬೆನ್ನು ಬಿಡಬಾರದು. 60 ಹರ್ಟ್ಸಿನಲ್ಲಿ ಕೈ ಸ್ವಲ್ಪ ಬಿರುಸಾದರೆ ಹೆಸರುಗಳು ಕೂದಲು ಕೆದರಿದ ಗೆರೆಗಳಾಗುತ್ತವೆ. ಆಮೇಲೆ ಸೆಟ್ಟಿಂಗಿಗೆ ಹೋಗಿ 120ಕ್ಕೆ, ಇದ್ದರೆ 240ಕ್ಕೆ ಏರಿಸಿ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಇನ್ನೊಮ್ಮೆ. ಓವರ್‌ಡ್ರೈವನ್ನು ಕೊನೆಯ ಮೆಟ್ಟಿಲಿಗೆ ಹತ್ತಿಸಿ ಮತ್ತೊಮ್ಮೆ ಎಳೆದರೆ ನದಿಯ ನೀಲಿಯ ಅಂಚಿಗೆ ಬೆಳ್ಳನೆಯ ಜರಿ ಹತ್ತುತ್ತದೋ ಇಲ್ಲವೋ ಎಂಬುದೂ ಕಾಣಸಿಗುತ್ತದೆ.